ಕಾಯಿ ಕಂಡಿಲ್ಲ

ಗೋದುಬಾಯಿಗೆ ಹಸಿ ಕಾಗದ ಕಂಡರೆ ಆಗುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಕಾಗದದ ಮಿಲ್ಲಿನ ರದ್ದಿ ಶೆಡ್ಡಿನಲ್ಲಿ ಗುತ್ತಿಗೆಯ ಮೇಲೆ ಕೂತು, ಬಂದ ರದ್ದಿಯನ್ನು ಬಿಳಿಯದು, ಕಂದು, ಅಚ್ಚಿನದು, ಮೇಣದ್ದು ಎಂದು ನಾಲ್ಕು ರಾಶಿ ಮಾಡಿದವಳು ಅವಳು. ಒಂದು ಹಸಿ ಹಾಳೆ ಒಳಗೆ ಉಳಿದರೆ ಇಡೀ ಗಂಟು ಬೂಷ್ಟು ಹಿಡಿಯುತ್ತದೆ ಎನ್ನುವುದು ಅವಳ ಬೆರಳುಗಳಿಗೇ ಗೊತ್ತಿತ್ತು. ಕೆಲಸ ಬಿಟ್ಟು ನಾಲ್ಕು ವರ್ಷವಾದರೂ, ಸಂತೆಯಿಂದ ಮೆಣಸಿನಕಾಯಿ ಕಟ್ಟಿಕೊಂಡು ಬಂದ ಪೇಪರಿನ ತುಂಡು ಕೂಡ ಮೊದಲು ಬಿಸಿಲು ಕಾಣಬೇಕು, ಆಮೇಲೆ ಮೆಣಸಿನಕಾಯಿ.

ಮಗಳು ರೂಪಾಲಿ ಹೊಟ್ಟೆ ಹೊರೆಯುತ್ತಿದ್ದದ್ದೂ ಕಾಗದದಿಂದಲೇ. ಆದರೆ ಅವಳ ಕಾಗದದ ನಡುವೆ ಗಿಡಗಳು ಇರುತ್ತಿದ್ದವು. ಹಳೇ ದಾಂಡೇಲಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದ ಉದಯಕುಮಾರ ಸರ್ ಮುಂಡಗೋಡದ ಕಡೆಯವರು. ಹಳಿಯಾಳದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಜೋಯಿಡಾ ಕಾಡಿನ ಗಿಡಗಳನ್ನೆಲ್ಲ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಹೆಸರು ಬರೆದು ಇಟ್ಟೇ ಸಾಯಬೇಕು ಎಂಬುದು ಅವರ ಹಟ. ಆದರೆ ಅವರ ಕೈ ನಡುಗುತ್ತಿತ್ತು. ಒಂದು ದಿನ, ತಮ್ಮ ಮನೆಯ ಪಾತ್ರೆ ತಿಕ್ಕಿ ಕೈ ಒರೆಸಿಕೊಳ್ಳುತ್ತಿದ್ದ ಹುಡುಗಿಯನ್ನು ಕೇಳಿದರು:

"ಕೌದಿ ಹೊಲಿಯಾಕ ಬರತೈತೇನವಾ ನಿನಗ?"

"ಬರತೈತ್ರಿ" ಎಂದಳು ರೂಪಾಲಿ. ಕೆಲಸಕ್ಕೆ ಸೇರಿ ಒಂದು ತಿಂಗಳಾಗಿತ್ತು. ಅವಳು ಅವರ ಜೊತೆ ಆಡಿದ ಮೊದಲ ಮಾತು ಅದು.

ಮಾತು ಅವಳಿಗೆ ಮೊದಲಿಂದಲೂ ಕಷ್ಟ. ಎಂಟನೇ ಇಯತ್ತೆಯಲ್ಲಿ ಹಾಜರಿ ಕೂಗುವಾಗ ಅವಳ "ಹಾಜರ್ರಿ" ಮುಂದಿನ ಬೆಂಚಿನ ತನಕವೂ ಹೋಗುತ್ತಿರಲಿಲ್ಲ. ಮಾಸ್ತರರು ತಲೆ ಎತ್ತದೆ ಗೈರು ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಅವಳು ಅಲ್ಲೇ ಕೂತಿರುತ್ತಿದ್ದಳು. ಇಲ್ಲವೆಂದು ಬರೆದಾದ ಮೇಲೆ ಬಂದು ಕೂರುವುದಾದರೂ ಯಾಕೆ ಎನಿಸಿ ಒಂದು ದಿನ ಬಿಟ್ಟೇಬಿಟ್ಟಳು. ಬಾಯಿ ಮಾಡದ ಕೆಲಸವನ್ನೆಲ್ಲ ಕಣ್ಣು ಮಾಡುತ್ತಿತ್ತು. ಮೂರು ವರ್ಷದಲ್ಲಿ ನಾನೂರು ಹಾಳೆ ಹೊಲಿದಳು. ಒಂದರಲ್ಲೂ ದಾರ ಹೂವಿನ ಮೇಲೆ ಹಾಯ್ದಿರಲಿಲ್ಲ.

ಹೊಲಿಯುವಾಗ ಸರ್ ಹೇಳುತ್ತಿದ್ದರು. ಗಿಡಕ್ಕೆ ಎರಡು ಹೆಸರು. ಮೊದಲನೆಯದು ಕುಲದ್ದು, ಎರಡನೆಯದು ಅದರದ್ದೇ. "ಸಾಲ್ಯಾಗ ಅಡ್ಡಹೆಸರು ಮೊದಲ ಕೂಗ್ತಾರಲ್ಲಾ, ಹಂಗ." ಹೊಸ ಗಿಡಕ್ಕೆ ಹೆಸರಿಟ್ಟರೆ, ಆ ಹೆಸರು ಒಂದೇ ಒಂದು ಒಣಗಿದ ಹಾಳೆಗೆ ಕಟ್ಟುಬಿದ್ದಿರುತ್ತದೆ. ಅದಕ್ಕೆ ಕೆಂಪು ಹೊದಿಕೆ. ನಾಳೆ ಯಾರಿಗಾದರೂ ಸಂಶಯ ಬಂದರೆ ಆ ಹಾಳೆಯನ್ನೇ ತೆಗೆದು ನೋಡಬೇಕು. "ಹೆಸರು ಕಾಡಿನಾಗ ಇರೂದಿಲ್ಲವಾ. ಈ ಹಾಳಿ ಮ್ಯಾಲೆ ಇರತೈತಿ."

ಒಣಗಿಸುವುದಕ್ಕೂ ಒಂದು ಕ್ರಮವಿತ್ತು. ಕೊಯ್ದ ಗಿಡವನ್ನು ಹಳೇ ಪೇಪರಿನ ಮಡಿಕೆಯೊಳಗೆ ಹರಡಿ, ಆ ಪೇಪರಿನ ಅಂಚಿಗೆ ಪೆನ್ಸಿಲಿನಿಂದ ಒಂದು ಸಂಖ್ಯೆ ಬರೆಯಬೇಕು. ಎಲ್ಲಿ ಕೊಯ್ದದ್ದು, ಯಾವತ್ತು ಎನ್ನುವುದು ಅದೇ ಸಂಖ್ಯೆಯ ಎದುರು ಸರ್ ಅವರ ವಹಿಯಲ್ಲಿ ಇರುತ್ತದೆ. ಮಡಿಕೆಗಳ ಆಚೀಚೆ ರದ್ದಿ ಹಾಳೆ ಇಟ್ಟು, ಎರಡು ಹಲಗೆಗಳ ನಡುವೆ ಬಿಗಿದು ಕಟ್ಟಬೇಕು. ರದ್ದಿ ಹಾಳೆಗಳನ್ನು ದಿನಾ ಬದಲಿಸಬೇಕು. ಗಿಡ ಮಲಗಿದ ಒಳಗಿನ ಮಡಿಕೆಯನ್ನು ಮಾತ್ರ ಬದಲಿಸಬಾರದು.

"ಸಂಖ್ಯೆ ಹೋತಂದ್ರ ಗಿಡಾನ ಹೋದಂಗ" ಎನ್ನುತ್ತಿದ್ದರು ಸರ್. "ಆಮ್ಯಾಲೆ ಅದು ಬರೇ ಕಸ."

ಆ ವರ್ಷ ಆಗಸ್ಟಿನಲ್ಲಿ ಅನಮೋಡದ ಹತ್ತಿರದ ಒಂದು ತಿರುವಿನಲ್ಲಿ ಅವರಿಗೆ ಆ ಬಳ್ಳಿ ಸಿಕ್ಕಿತು. ನಾಲ್ಕೇ ಬಳ್ಳಿ, ರಸ್ತೆ ಪಕ್ಕದ ದಿಬ್ಬದ ಮೇಲಿದ್ದ ಮತ್ತಿಮರಗಳನ್ನು ಸುತ್ತಿಕೊಂಡಿದ್ದವು. ಮೊದಲು ಕಂಡದ್ದು ರೂಪಾಲಿಗೆ. ಸರ್ ಅಂಗಿ ಜಗ್ಗಿ ಬೆರಳು ತೋರಿಸಿದಳು. ಜೋಳದ ಅರಳಿನಷ್ಟು ಹೂ, ಹಸಿರು ಮೈ, ಒಳಗೆ ಕಂದು ಚುಕ್ಕಿ. ಸರ್ ಭೂತಗನ್ನಡಿ ಹಿಡಿದು ರಸ್ತೆಯಲ್ಲೇ ಮೊಣಕಾಲೂರಿದರು. ಲಾರಿಯವರು ಹಾರ್ನ್ ಬಾರಿಸಿ ಬೈದು ಹೋದರು.

"ಈ ಕುಲದಾಗ ಇಂಥಾ ಹೂ ನಾ ನೋಡಿಲ್ಲ" ಎಂದರು. 

ಕೈಗೆ ಎಟುಕಿದ್ದು ಆರು ಹೂ. ಚಿತ್ರ ಬರೆಯುವುದಕ್ಕೆಂದು ಐದನ್ನು ಬಿಡಿಸಿ ನೋಡಿದರು, ಒಂದು ಉಳಿಯಿತು.

ಅದೇ ದಿಬ್ಬದ ಮೇಲೆ ಕೆಂಪು ಬಣ್ಣ ಬಳಿದ ಗೂಟಗಳಿದ್ದವು. ತಿರುವನ್ನು ಕಡಿದು ರಸ್ತೆ ಅಗಲ ಮಾಡುವವರಿದ್ದರು. ಅಲ್ಲಿನ ಗಿಡಮರಗಳ ಪಟ್ಟಿ ಬರೆಯುತ್ತಿದ್ದವನನ್ನು ಸರ್ ಹುಡುಕಿಕೊಂಡು ಹೋದರು. ಅವನು ಒಳ್ಳೆಯವನೇ, ಕುರ್ಚಿ ಕೊಟ್ಟ, ಚಹಾ ತರಿಸಿದ.

"ಹೆಸರು ಹೇಳ್ರಿ ಸರ್, ಈಗ ಬರೀತೇನಿ. ಹೆಸರ ಇಲ್ಲದ್ದನ್ನ ಯಾವ ಕಾಲಮ್ಮಿನಾಗ ಬರೀಲಿ?"

ಹಾಗಾಗಿ ಹೆಸರು ಬೇಕಾಯಿತು. ಹೂವಿನ ಜೊತೆ ಕಾಯಿಯೂ ಇದ್ದರೆ ಗಟ್ಟಿ ಎಂದು ಸರ್ ಡಿಸೆಂಬರ್ ತನಕ ಕಾಯೋಣ ಎಂದರು. ಹೋಲಿಸಿ ನೋಡಲು ಕೋಗಿಲಬನದ ನದಿ ದಂಡೆಯಲ್ಲಿ ಅದರ ದಾಯಾದಿ ಬಳ್ಳಿಯೊಂದಿತ್ತು. ಅದಕ್ಕೆ ನೂರು ವರ್ಷದ ಹಿಂದೆಯೇ ಯಾರೋ ಹೆಸರಿಟ್ಟಿದ್ದರು. ಆದರೆ ಹಳೇ ಪುಸ್ತಕದಲ್ಲಿ ಅದರ ಹೂವಿನ ವರ್ಣನೆ ಆದಮೇಲೆ "ಕಾಯಿ ಕಂಡಿಲ್ಲ" ಎಂದು ಬರೆದು ಬಿಟ್ಟಿದ್ದರು.

"ನೋಡಿಲ್ಲಾ ಅಂದ್ರ ನೋಡಿಲ್ಲಾ ಅಂತ ಬರದಾರ. ಪ್ರಾಮಾಣಿಕ ಮಂದಿ" ಎಂದು ಸರ್ ನಕ್ಕಿದ್ದರು. ರೂಪಾಲಿಯೂ ನಕ್ಕಿದ್ದಳು, ಸೆರಗು ಬಾಯಿಗೆ ಹಿಡಿದು.

ಡಿಸೆಂಬರಿನ ಹೊತ್ತಿಗೆ ಸರ್ ಅವರ ಎರಡೂ ಕಣ್ಣಿಗೆ ಪೊರೆ ಬಲಿತಿತ್ತು. ಧಾರವಾಡದಲ್ಲಿ ಆಪರೇಶನ್ನಿಗೆ ದಿನ ಗೊತ್ತಾಗಿತ್ತು. ಅದರ ಹಿಂದಿನ ದಿನವೇ, ಕಾಯಿ ಒಡೆದು ಹೋದಾವು ಎಂಬ ಅವಸರಕ್ಕೆ, ದುರ್ಗಪ್ಪನ ಟೆಂಪೋ ಮಾಡಿಕೊಂಡು ಮುಂಜಾನೆ ಕೋಗಿಲಬನಕ್ಕೂ ಮಧ್ಯಾಹ್ನ ಅನಮೋಡಕ್ಕೂ ಹೋಗಿ ಬಂದರು. ರೂಪಾಲಿಗೆ ಅವತ್ತು ಜ್ವರ. ಎಲೆ ಉದುರಿದ ಕಾಲ. ಬರೇ ಕಡ್ಡಿ, ಕಾಯಿ. ದುರ್ಗಪ್ಪ ದೋಟಿಯಿಂದ ಕೊಯ್ದು ಮಡಿಕೆಗೆ ಹಾಕಿದ, ಸರ್ ಅಂಚು ತಡವಿ ತಡವಿ ಸಂಖ್ಯೆ ಬರೆದರು. ನಾನೂರಾ ಇಪ್ಪತ್ತೆಂಟು ಕೋಗಿಲಬನದ್ದು, ನಾನೂರಾ ಮೂವತ್ತೊಂದು ಅನಮೋಡದ್ದು. ವಹಿಯಲ್ಲಿ ಅಷ್ಟೇ ಇತ್ತು. ಕಾಯಿ ಹೇಗಿದ್ದವು ಎಂದು ಬರೆಯಲು ಅವರಿಗೆ ಕಾಣುತ್ತಿರಲಿಲ್ಲ.

ಮರುದಿನ ಸರ್ ಜೊತೆ ದವಾಖಾನೆಯಲ್ಲಿ ಇರಲು ರೂಪಾಲಿಯೇ ಹೋಗಬೇಕಾಯಿತು, ಬೇರೆ ಯಾರಿದ್ದರು? ಹಲಗೆಯ ಕಟ್ಟನ್ನು ಅವ್ವನ ಮುಂದಿಟ್ಟು, "ದಿನಾ ಬಿಚ್ಚಿ ಹಸಿ ಪೇಪರ್ ತಗದು ಒಣಾ ಪೇಪರ್ ಹಾಕು" ಎಂದು ಹೇಳಿ ಬಸ್ಸು ಹತ್ತಿದಳು. ಒಳಗಿನ ಮಡಿಕೆಯ ಮಾತು ಹೇಳಲಿಲ್ಲ. ಮೂರು ವರ್ಷದಿಂದ ತನ್ನ ಕೈಗೆ ರೂಢಿಯಾದದ್ದು ಅವ್ವನಿಗೂ ಗೊತ್ತೇ ಇದೆ ಎಂದು ಅವಳಿಗೆ ಅನಿಸಿಬಿಟ್ಟಿತ್ತು.

ನಾಲ್ಕನೇ ದಿನ ಬಂದಾಗ ಗೋದುಬಾಯಿ ಕಟ್ಟನ್ನು ಹಸುಗೂಸಿನ ಹಾಗೆ ಎತ್ತಿ ತಂದು ತೋರಿಸಿದಳು.

"ಗರಿ ಗರಿ ಒಣಗಿಸೇನಿ ನೋಡು. ಹೊರಗಿನವು ಇರಲಿ, ಒಳಗಿನವು ಅಂತೂ ತೊಯ್ದು ತೊಪ್ಪಿ ಆಗಿದ್ದೂ. ಅಂಥಾ ಕಾಗದದಾಗ ಹೆಂಗ ಇಡತೀರಬೇ, ಸಾಲಿ ಕಲತವರು?"

ರೂಪಾಲಿ ಒಂದು ಮಡಿಕೆ ಎತ್ತಿದಳು. ಅಂಚು ಬಿಳಿಯಾಗಿತ್ತು. ಇನ್ನೊಂದು ಎತ್ತಿದಳು.

"ಒಳಗಿನ ಪೇಪರ್ ಎಲ್ಲಿ ಅವ್ವಾ?"

"ಹಂಡೇದ ಒಲಿಗೆ. ಮತ್ತೇನ ಪೂಜಾ ಮಾಡ್ಲಿ? ಕಾಯಿ ಸೈತ ವಿಂಗಡಿಸೇನಿ. ದಪ್ಪನ್ವು ಒಂದ ಕಡೆ, ತೆಳ್ಳನ್ವು ಒಂದ ಕಡೆ. ಇಪ್ಪತ್ತೆರಡ ವರ್ಷ ಸುಮ್ನ ದುಡದಿಲ್ಲ ನಾ."

ಅವ್ವನ ಮುಖದಲ್ಲಿ ಎಂಥ ಬೆಳಕಿತ್ತೆಂದರೆ ರೂಪಾಲಿ ಮಡಿಕೆ ಮುಚ್ಚಿ ಕಟ್ಟನ್ನು ಮೊದಲಿನಂತೆ ಬಿಗಿದಳು.

ಉಳಿದ ಗಿಡಗಳನ್ನು ಗುರುತು ಹಿಡಿದು ಸಂಖ್ಯೆ ಹಾಕಿದಳು, ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಎರಡು ಕಾಯಿಗಳದ್ದು. ಒಂದು ದಪ್ಪ, ಮೈತುಂಬ ಹೀರೇಕಾಯಿಯಂಥ ಏಣು. ಇನ್ನೊಂದು ತೆಳ್ಳಗೆ, ನುಣ್ಣಗೆ, ಬೆರಳುದ್ದ. ಯಾವುದು ಎಲ್ಲಿಯದು? ದುರ್ಗಪ್ಪನನ್ನು ಹುಡುಕಿಕೊಂಡು ಟೆಂಪೋ ಸ್ಟ್ಯಾಂಡಿಗೆ ಹೋದಳು. ಗಂಡಸರು ನಿಂತ ಜಾಗಕ್ಕೆ ಅವಳು ಹೋದದ್ದು ಅದೇ ಮೊದಲು.

"ಯಾವ ಕಾಯಿ ಎಲ್ಲಿವು ಅಂತ ನನ್ನ ಕೇಳ್ತಿಯೇನ ತಂಗಿ?" ದುರ್ಗಪ್ಪ ತಂಬಾಕು ತಿಕ್ಕುತ್ತ ನಕ್ಕ. "ಬೆಂಡಿಕಾಯಿ, ಹೀರಿಕಾಯಿ ಬಿಟ್ರ ನನಗ ಎಲ್ಲಾ ಕಾಯಿ ಒಂದ. ಸರ್ ಕೊಯ್ಯಿ ಅಂದ್ರು, ಕೊಯ್ದೆ. ಕುತ್ತಿಗಿ ಇನ್ನಾ ನೋಯತೈತಿ ನೋಡು."

ಆದಿತ್ಯವಾರ ಕೋಗಿಲಬನಕ್ಕೆ ನಡೆದುಹೋದಳು. ಅಷ್ಟರಲ್ಲಿ ಕಾಯಿ ಒಡೆದು, ಬೀಜದ ಹತ್ತಿ ಹಾರಿ, ಸಿಪ್ಪೆ ನದಿ ಪಾಲಾಗಿತ್ತು. ಬೋಳು ಬಳ್ಳಿ ಏನೂ ಹೇಳಲಿಲ್ಲ. ಅನಮೋಡ ನಡೆದು ಮುಟ್ಟುವ ದೂರವಲ್ಲ; ಅಲ್ಲಿನ ಬಳ್ಳಿಯ ಕಾಂಡ ದಪ್ಪವಾಗಿತ್ತು ಎಂಬುದು ಮಾತ್ರ ಅವಳಿಗೆ ನೆನಪಿತ್ತು. ದಪ್ಪ ಬಳ್ಳಿಗೆ ದಪ್ಪ ಕಾಯಿ ಇರಬಹುದು. ಮನೆಗೆ ಬಂದು ಪೆನ್ಸಿಲ್ ತೆಗೆದುಕೊಂಡು ಏಣಿನ ಕಾಯಿಯ ಮಡಿಕೆಗೆ ನಾನೂರಾ ಮೂವತ್ತೊಂದು ಎಂದು ಬರೆದಳು. ಸರ್ ಅಕ್ಷರದ ಹಾಗೆಯೇ, ಸ್ವಲ್ಪ ನಡುಗಿಸಿ.

ವಾರದ ಮೇಲೆ ಕಣ್ಣಿನ ಪಟ್ಟಿ ಬಿಚ್ಚಿಸಿ, ಕಪ್ಪು ಕನ್ನಡಕ ಹಾಕಿಕೊಂಡು ಬಂದ ಸರ್ ಮೊದಲು ಕೇಳಿದ್ದೇ ಆ ಕಾಯಿ. ಹೊಸ ಕಣ್ಣಿನಿಂದ ನೋಡಿದರು, ಹೆಬ್ಬೆರಳಿನಿಂದ ಏಣು ಸವರಿದರು, ಆಮೇಲೆ ಕುರ್ಚಿಯಿಂದ ಎದ್ದುಬಿಟ್ಟರು.

"ರೂಪಾಲಿ! ಈ ಕುಲದಾಗ ಏಣು ಇದ್ದ ಕಾಯಿನ ಇಲ್ಲವಾ! ಹೂವೂ ಹೊಸಾದು, ಕಾಯೀನೂ ಹೊಸಾದು. ಇನ್ನ ಯಾರ ಬಾಯಿ ಮುಚ್ಚಬೇಕಂತಿ, ಎಲ್ಲಾರ ಬಾಯೀನೂ ಮುಚ್ಚತೈತಿ!"

"ಸರ್" ಎಂದಳು ಅವಳು.

"ಏನವಾ?"

ಅವರ ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಔಷಧದ್ದೋ ಏನೋ.

"ಚಾ ಮಾಡ್ಲೇನ್ರಿ?"

ಹೂವಿನ ಕಡ್ಡಿಯನ್ನೂ ಏಣಿನ ಕಾಯಿಯನ್ನೂ ಹುಳ ಹಿಡಿಯದಂತೆ ವಿಷದ ನೀರಿನಲ್ಲಿ ಅದ್ದಿ, ಆರಿಸಿ, ಒಂದೇ ಹಾಳೆಗೆ ಅವಳೇ ಹೊಲಿದಳು. ನುಣ್ಣನೆಯ ಕಾಯಿಗಳನ್ನೂ ಹಾಗೇ ಅದ್ದಿ ಆರಿಸಿ ಕೋಗಿಲಬನದ ಹಾಳೆಯ ಲಕೋಟೆಗೆ ಹಾಕಿದಳು. ಜುಲೈ ತಿಂಗಳಲ್ಲಿ ಹೆಸರು ಅಚ್ಚಾಯಿತು. ಕುಲದ ಹೆಸರು ಅವಳ ನಾಲಗೆಗೆ ಹತ್ತುತ್ತಿರಲಿಲ್ಲ. ಎರಡನೆಯದು ಹತ್ತುತ್ತಿತ್ತು: ಅನಮೋಡೆನ್ಸಿಸ್, ಅನಮೋಡದ್ದು ಅಂತ. ಪಟ್ಟಿಯವನು ಮಾತಿಗೆ ತಪ್ಪಲಿಲ್ಲ, ಕಾಲಮ್ಮಿನಲ್ಲಿ ಬರೆದ. ಆ ತಿರುವಿನ ಕೆಲಸ ನಿಂತಿತು. ಹಾಳೆಗೆ ಕೆಂಪು ಹೊದಿಕೆ ಬಂತು. ಸರ್ ಪೇಢೆ ತರಿಸಿದರು. ಗೋದುಬಾಯಿ ಎರಡು ತಿಂದು, "ನಮ್ಮನ್ಯಾಗ ಒಣಗಿದ ಗಿಡಾ ಅದು" ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ರೂಪಾಲಿ ಡಿಸೆಂಬರಿಗೆ ಕಾದಳು. ತನ್ನ ಊಹೆ ಸರಿ ಇರಬಹುದು, ಅರ್ಧಕ್ಕರ್ಧ ಇರಬಹುದಲ್ಲ. ಹದಿನಾಲ್ಕನೇ ತಾರೀಕು ಕೋಗಿಲಬನದ ದಂಡೆಯಲ್ಲಿ ಬಳ್ಳಿಯ ಕೆಳಗೆ ನಿಂತು ತಲೆ ಎತ್ತಿದಳು. ಎಲೆ ಇಲ್ಲದ ಬಳ್ಳಿಯ ತುಂಬ ಕಾಯಿ ಜೋತುಬಿದ್ದಿದ್ದವು. ದಪ್ಪ ಕಾಯಿ, ಮೈತುಂಬ ಏಣು.

ಎಷ್ಟೋ ಹೊತ್ತು ಅಲ್ಲೇ ನಿಂತಿದ್ದಳು. ನದಿಯಲ್ಲಿ ಪ್ರವಾಸಿಗಳ ರಬ್ಬರ್ ದೋಣಿ ಹೋಯಿತು, ಅದರಲ್ಲಿದ್ದ ಹೆಂಗಸರು ಕಿರುಚಿ ನಕ್ಕರು. ಅವಳು ನೆಟ್ಟಗೆ ಸರ್ ಬಾಗಿಲಿಗೆ ಬಂದಳು. ಸರ್ ಮೇಜಿನ ಮುಂದೆ ಕೂತು ಕೆಂಪು ಹೊದಿಕೆಯನ್ನು ತೆರೆದು ನೋಡುತ್ತಿದ್ದರು. ಕೆಲಸವೇನೂ ಇರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಅವಳು ಚಪ್ಪಲಿಯನ್ನು ಮೆಲ್ಲಗೆ ಹಾಕಿಕೊಂಡು ಮನೆಗೆ ಹೋದಳು. ಮರುದಿನವೂ ಹೇಳಲಿಲ್ಲ. ಜನವರಿ ಹೀಗೇ ಹೋಯಿತು. ಗೈರು ಬರೆದುಕೊಂಡ ಮಾಸ್ತರರಿಗೆ ಕೈ ಎತ್ತಿ ತೋರಿಸಲಾರದ ಹುಡುಗಿ, ಈ ಹೆಸರನ್ನು ಹೇಗೆ ಅಳಿಸಲಿ ಎಂದು ಕೂತಳು.

ಫೆಬ್ರವರಿಯಲ್ಲಿ ದೂರದ ಊರಿನ, ಒಣಗಿಸಿದ ಗಿಡಗಳನ್ನು ಕಾದಿಡುವ ದೊಡ್ಡ ಸಸ್ಯಾಗಾರದಿಂದ ಪತ್ರ ಬಂತು. ಬರೆದವರು ಇದೇ ಕುಲವನ್ನು ಮೂವತ್ತು ವರ್ಷ ಓದಿದವರು. ಕೋಗಿಲಬನದ ಬಳ್ಳಿಯ ಜಾತಿಯದೇ ಬಳ್ಳಿ ಗೋವೆಯ ಕಡೆ ಅವರಿಗೆ ಕಾಯಿ ಸಮೇತ ಸಿಕ್ಕಿತ್ತು. ನಿಮ್ಮ ಹಾಳೆಯ ಕಾಯಿ ಅದರದ್ದೇ, ಇದರಲ್ಲಿ ಎರಡು ಗಿಡ ಕಲೆತಿವೆ, ಉಳಿದ ಒಂದೇ ಹೂವಿನಿಂದ ಖಚಿತ ಹೇಳಲಾಗದು, ಹೊಸದಾಗಿ ಕೊಯ್ದು ಕಳಿಸಿ, ಅಲ್ಲಿಯ ತನಕ ಈ ಹೆಸರನ್ನು ಸಂಶಯದ್ದೆಂದೇ ಎಣಿಸಬೇಕು ಎಂದು ಮರ್ಯಾದೆಯಿಂದಲೇ ಬರೆದಿದ್ದರು.

ಸರ್ ಪತ್ರವನ್ನು ಮೂರು ಸಲ ಓದಿದರು. "ಅವರಿಗೆ ತಪ್ಪ ತಿಳದೈತಿ. ನನ್ನ ಕೈಯಾರೆ ಸಂಖ್ಯೆ ಹಾಕೇನಿ" ಎಂದರು. "ಹೋದ ಮಳಿಗಾಲ ಹೂ ಕೈಗೆ ಎಟುಕಲಿಲ್ಲ, ಈ ಸಲ ಮಳಿ ಬೀಳಲಿ. ಹೂ ತಂದು ಮಾರಿ ಮುಂದ ಹಿಡೀತೇನಿ."

ಆ ಅಭಿಪ್ರಾಯದ ಪ್ರತಿ ರಸ್ತೆಯವರಿಗೂ ಮುಟ್ಟಿತು. ಸಂಶಯದ ಗಿಡಕ್ಕಾಗಿ ಯಾರು ತಿರುವು ಬಿಡುತ್ತಾರೆ? ಏಪ್ರಿಲಿನಲ್ಲಿ ಕೆಲಸ ಮುಗಿಯಿತು. ಜೂನಿನಲ್ಲಿ ಇವರು ಹೋದಾಗ ದಿಬ್ಬವೇ ಇರಲಿಲ್ಲ. ಕೆಮ್ಮಣ್ಣಿನ ಗೋಡೆ, ಅದರ ಮೇಲೆ ಕಬ್ಬಿಣದ ಜಾಳಿಗೆ, ಕೆಳಗೆ ಹೊಸ ಗಟಾರದಲ್ಲಿ ಕೆಂಪು ನೀರು. ಸರ್ ಕೊಡೆ ಮಡಚಿ ಅದರ ತುದಿಯಿಂದ ಮಣ್ಣು ಕೆದರಿದರು. ಬೇರಾದರೂ ಇದ್ದೀತೆಂದು ರೂಪಾಲಿ ಕೈಯಿಂದ ಕೆದರಿದಳು. ದುರ್ಗಪ್ಪ ಟೆಂಪೋದ ಗಾಜು ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ. ಬಳ್ಳಿ ಸಿಕ್ಕಾಗಿನಿಂದ ಸುತ್ತಲಿನ ಗುಡ್ಡಗಳನ್ನೆಲ್ಲ ಅಲೆದು ನೋಡಿದ್ದರು; ಆ ನಾಲ್ಕು ಬಳ್ಳಿ ಬಿಟ್ಟರೆ ಐದನೆಯದು ಎಲ್ಲೂ ಕಂಡಿರಲಿಲ್ಲ.

ಕೋಣೆಗೆ ಮರಳಿ, ತೊಯ್ದ ಅಂಗಿಯಲ್ಲೇ ಸರ್ ಕುರ್ಚಿಯಲ್ಲಿ ಕೂತರು. ರೂಪಾಲಿ ಬಾಗಿಲಲ್ಲೇ ನಿಂತಳು.

"ಸರ್, ಆ ಕಾಯಿ ಕೋಗಿಲಬನದ್ದು" ಎಂದಳು. ದನಿ ಎಷ್ಟು ದೊಡ್ಡದಾಗಿ ಬಂತೆಂದರೆ ತಾನೇ ಬೆಚ್ಚಿದಳು. ಆಮೇಲೆ ಹಂಡೆಯ ಒಲೆಯಿಂದ ಹಿಡಿದು ಪೆನ್ಸಿಲಿನ ತನಕ ಎಲ್ಲವನ್ನೂ ಹೇಳಿದಳು.

ಸರ್ ವಹಿ ತೆರೆದು ಆ ಎರಡು ಸಂಖ್ಯೆಗಳ ಮೇಲೆ ಬೆರಳಾಡಿಸಿದರು.

"ಖಾತ್ರಿ ಯಾವಾಗ ಆತು?"

"ಡಿಸೆಂಬರದಾಗ್ರಿ."

"ಅವತ್ತ ಹೇಳಿದ್ದಿ ಅಂದ್ರ…" ಎಂದವರು ನಿಲ್ಲಿಸಿದರು. ಮತ್ತೆ ಮೆಲ್ಲಗೆ ಹೇಳಿದರು: "ತಪ್ಪಾಗೇತಿ ಅಂತ ನಾನ ಬರೀತಿದ್ದೆ. ಕಾಯಿ ಕಂಡಿಲ್ಲ ಅಂತ ಬರೀತಿದ್ದೆ. ಅಷ್ಟ. ಬಳ್ಳಿ ಅಲ್ಲೇ ನಿಂತಿತ್ತು, ಹೊಸಾ ಹೂ ಬರೂತನಕ ತಡೀರಿ ಅಂತ ಕಾಲು ಹಿಡೀತಿದ್ದೆ."

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಕೆಂಪು ಹೊದಿಕೆ ತೆಗೆಸಿ ಹಾಳೆಯನ್ನು ಮೇಜಿನ ಮೇಲೆ ಇಡಿಸಿದರು. ತಪ್ಪು ಹೆಸರಿನ ಚೀಟಿಯನ್ನು ಹರಿಯಲು ಅವಳು ಕೈ ಹಾಕಿದಾಗ ತಡೆದರು. ಹಳೇ ಚೀಟಿಯನ್ನು ಹರಿಯಬಾರದು, ಪಕ್ಕದಲ್ಲಿ ಹೊಸದು ಅಂಟಿಸಬೇಕು. ತಪ್ಪು ಮಾಡಿದ್ದೂ ತಿದ್ದಿದ್ದೂ ಎರಡೂ ಹಾಳೆಯ ಮೇಲೆ ಇರಬೇಕು, ಅದು ಪದ್ಧತಿ. ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಹೂ ಒಂದು ಗಿಡದ್ದು, ಕಾಯಿ ಇನ್ನೊಂದರದ್ದು.

"ಕೆಳಗ ನಿನ್ನ ಹೆಸರು ಹಾಕು. ಗುರುತಿಸಿದವರ ಹೆಸರು ಹಾಕಬೇಕು."

ನೂರಾರು ಹಾಳೆ ಹೊಲಿದವಳ ಹೆಸರು ಅದರ ತನಕ ಯಾವ ಹಾಳೆಯ ಮೇಲೂ ಇರಲಿಲ್ಲ. ಬರೆದಳು. ತಾರೀಕು ಹಾಕಿದಳು. ಅಂಟು ಹಚ್ಚಿ ಒತ್ತಿದಳು.

"ನಿನ್ನ ಕಡೆ ಇರೂ ಕೋಣಿ ಕೀಲಿ ಅಲ್ಲೇ ಮೊಳಿಗೆ ಹಾಕಿ ಹೋಗು" ಎಂದರು ಸರ್, ಕಿಟಕಿಯ ಕಡೆ ನೋಡುತ್ತ.

ಹೋಗುವ ಮುಂಚೆ ಅವಳು ಕೋಗಿಲಬನದ ಹಾಳೆಯ ಲಕೋಟೆ ಬಿಚ್ಚಿ, ನುಣ್ಣನೆಯ ಕಾಯಿಯಿಂದ ಆರು ಬೀಜ ಅಂಗೈಗೆ ಹಾಕಿಕೊಂಡಳು. ಹಾಳೆಯ ಮೇಲಿನ ಆ ಒಂದು ಹೂವಿನ ಕಡ್ಡಿ ಬಿಟ್ಟರೆ ಅನಮೋಡದ ಬಳ್ಳಿಯಿಂದ ಈ ಭೂಮಿಯ ಮೇಲೆ ಉಳಿದದ್ದು ಈ ಕಾಯಿ, ಬೀಜ ಅಷ್ಟೇ.

"ವಿಷದಾಗ ಅದ್ದಿದ ಬೀಜಾ ಏಳೂದಿಲ್ಲವಾ" ಎಂದರು ಸರ್.

"ಗೊತ್ತೈತ್ರಿ."

ಮನೆಗೆ ಬಂದು ತಾಟಿನಲ್ಲಿ ಪೇಪರ್ ಹಾಸಿ, ನೀರು ಚಿಮುಕಿಸಿ, ಬೀಜಗಳನ್ನು ಇಟ್ಟು ಮೇಲೊಂದು ಪೇಪರ್ ಮುಚ್ಚಿದಳು. ಗೋದುಬಾಯಿ ಹುಬ್ಬು ಗಂಟು ಹಾಕಿದಳು.

"ಇದೇನಬೇ, ಮನ್ಯಾಗ ಹಸೀ ಕಾಗದ?"

"ಬೀಜಾ ಅವ್ವಾ."

"ಯಾತರದು?"

ರೂಪಾಲಿ ಬಾಯಿ ತೆರೆದಳು. ಹೇಳಲು ಈಗ ಆ ಬಳ್ಳಿಗೆ ಹೆಸರೇ ಇರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಆ ದಿನದಿಂದ ಸರಿಯಾಗಿ ಊಟ ಮಾಡಲಿಲ್ಲ. ಯಾಕೆ ಕೆಲಸಕ್ಕೆ ಹೋಗುತ್ತಿಲ್ಲ ಎಂದು ಅವ್ವ ಕೇಳಿದರೆ ಕೌದಿಯನ್ನು ಮುಖದ ಮೇಲೆ ಎಳೆದುಕೊಳ್ಳುವಳು. ಪೇಪರನ್ನು ಯಾರು ಸುಟ್ಟರೆಂಬ ಮಾತನ್ನಂತೂ ಅವಳು ಯಾವತ್ತೂ ಎತ್ತಲಿಲ್ಲ. ಮಗಳು ಮರುಗುತ್ತಿರುವುದು ಈ ಬೀಜಕ್ಕಾಗಿಯೇ ಎಂಬುದಷ್ಟೇ ಗೋದುಬಾಯಿಗೆ ತಿಳಿಯಿತು.

ಮೂರನೇ ದಿನದಿಂದ ನೀರು ಚಿಮುಕಿಸುವ ಕೆಲಸವನ್ನು ಅವ್ವನೇ ಹಿಡಿದಳು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ. ಮೇಲಿನ ಪೇಪರನ್ನು ಎರಡು ಬೆರಳಿನಿಂದ ಎತ್ತಿ, ಬಗ್ಗಿ ನೋಡಿ, ಮತ್ತೆ ಮುಚ್ಚುವಳು. ಹತ್ತನೇ ದಿನಕ್ಕೆ ಪೇಪರಿನ ಮೂಲೆಯಲ್ಲಿ ಹಸಿರು ಬೂಷ್ಟು ಕಂಡಿತು. ಇಪ್ಪತ್ತನೇ ದಿನಕ್ಕೆ ಅದು ಬೀಜಗಳ ತನಕ ಬಂತು. ಗೋದುಬಾಯಿ ಅದನ್ನು ನೋಡಿದಳು, ಬೆರಳಿನಿಂದ ಮುಟ್ಟಿಯೂ ನೋಡಿದಳು.  ತಂಬಿಗೆಯಲ್ಲಿ ಕೈ ಅದ್ದಿ ಮತ್ತೆ ನಾಲ್ಕು ಹನಿ ಚಿಮುಕಿಸಿದಳು.

"ಇನ್ನಾ ನಾಕ ದಿನಾ ನೋಡೂಣು" ಎಂದಳು, ಗೋಡೆಗೆ ಮುಖ ಮಾಡಿ ಮಲಗಿದವಳ ಬೆನ್ನಿಗೆ.